ಓಲ್ಶಿಂಕಾ ಹಳ್ಳದ ನೀಲಿ ಗೆರೆ

...ಅದಕ್ಕೇ ಹೇಳಿದ್ದು, ಹೊಗಳಿಕೆಗೇನೂ ಕಡಿಮೆ ಇರಲಿಲ್ಲ ಅಂತ. ಜರ್ಮನಿಯ ಪತ್ರಿಕೆಯೊಂದು ನೂರಕ್ಕೆ ಎಂಬತ್ತೆಂಟು ಕೊಟ್ಟಿತ್ತು. ಪೋಲೆಂಡಿನವರು ತೊಂಬತ್ತು. ಅಮೆರಿಕದ ಒಬ್ಬ ವಿಮರ್ಶಕನಂತೂ 'ಮೂರನೆಯ ಬೆಳಗು' ಆಟದಲ್ಲಿ ಓಲ್ಶಿಂಕಾ ಹಳ್ಳ ದಾಟುವ ಜಾಗದ ಬಗ್ಗೆಯೇ ಅರ್ಧ ಪುಟ ಬರೆದು, "ಅಲ್ಲಿನ ಕೆಸರಿನ ವಾಸನೆ ನನ್ನ ಮೂಗಿಗೆ ಬಡಿಯಿತು" ಎಂದಿದ್ದ. ಎಣ್ಣೆ ಮುಗಿದರೆ ನಿಂತೇಬಿಡುವ ಟ್ಯಾಂಕು, ಗುಡ್ಡದ ಹಿಂದೆ ಹೋದರೆ ಕೇಳಿಸದ ರೇಡಿಯೊ, ನಿದ್ದೆಗೆಟ್ಟು ಆಜ್ಞೆಯನ್ನೇ ಮರೆಯುವ ಸೈನಿಕರು. ಕಂಪ್ಯೂಟರಿನಲ್ಲಿ ಇಷ್ಟು ನಿಜವಾದ ಯುದ್ಧದಾಟ ಇನ್ನೊಂದಿಲ್ಲ ಎಂದು ಎಲ್ಲರದೂ ಒಂದೇ ಮಾತು. ಟ್ಯಾಂಕುಗಳು ಒಂದೊಂದಾಗಿ ಆ ಹಳ್ಳಕ್ಕಿಳಿಯುವ ಹತ್ತು ನಿಮಿಷಕ್ಕಾಗಿಯೇ ಜನ ಆಟವನ್ನು ಮತ್ತೆ ಮತ್ತೆ ಆಡುತ್ತಿದ್ದರು.

ಎಲ್ಲರದೂ ಅಂದರೆ, ಒಬ್ಬರನ್ನು ಬಿಟ್ಟು. ಆ ಒಬ್ಬರು ಜರ್ಮನಿಯಲ್ಲೂ ಇರಲಿಲ್ಲ, ಅಮೆರಿಕದಲ್ಲೂ ಇರಲಿಲ್ಲ. ಆ ಹಳ್ಳದ ಕಾಡಿನ ಅಂಚಿನಲ್ಲೇ ಇದ್ದರು.

ಏಪ್ರಿಲ್ ತಿಂಗಳ ಮೊದಲ ಭಾನುವಾರ, ಆ ಆಟ ಮಾಡಿದ ರಾದಿಮ್ ತನ್ನ ಚಿಕ್ಕಮ್ಮ ಬೊಹುಂಕಾ ಅವರ ಮನೆಗೆ ಮಧ್ಯಾಹ್ನದ ಊಟಕ್ಕೆ ಬಂದ. ಓಪೊಚ್ನೊ ಪಟ್ಟಣದ ಕಾಂಕ್ರೀಟು ಕಟ್ಟಡ, ಮೂರನೇ ಮಹಡಿ. ಬಾಗಿಲಲ್ಲಿ ಷೂ ಬಿಚ್ಚಿದವನು ತನಗೆಂದೇ ಇಟ್ಟಿದ್ದ ಚಪ್ಪಲಿ ಮೆಟ್ಟದೆ ಬರಿಗಾಲಲ್ಲೇ ಅಡುಗೆಮನೆಗೆ ಬಂದು ಕೂತ. ಅಷ್ಟು ಸಾಕಾಯಿತು ಬೊಹುಂಕಾಗೆ, ಏನೋ ಕೆಟ್ಟಿದೆ ಅಂತ ಗೊತ್ತಾಗಲು.

"ನೆಲ ಥಂಡಿ. ಚಪ್ಪಲಿ ಹಾಕ್ಕೊ."

"ಬಿಡು ಚಿಕ್ಕಮ್ಮ."

"ಹಾಕ್ಕೊ ಅಂದೆ. ಆಮೇಲೆ ಮೂಗು ಸೋರುಸ್ಕೊಂಡು ನಂಗೇ ಫೋನ್ ಮಾಡ್ತೀಯ, ಚಿಕ್ಕಮ್ಮ ಕಷಾಯ ಹೆಂಗ್ ಮಾಡೋದು ಅಂತ."

ಅವನು ನಗಲಿಲ್ಲ. ಕೈಯಲ್ಲಿದ್ದ ಪತ್ರಿಕೆಯನ್ನು ಸಾರಿನ ಪಾತ್ರೆಯ ಪಕ್ಕ ಇಟ್ಟು, "ನೀನೇ ಓದು" ಎಂದ.

ಬರೆದವರ ಹೆಸರು ಓಲ್ದ್ರಿಖ್ ಕಲೌಸ್. ಯುದ್ಧದಾಟ ಆಡುವವರಲ್ಲಿ ಈ ಹೆಸರು ಕೇಳದವರಿಲ್ಲ. ಮೂವತ್ನಾಲ್ಕು ವರ್ಷ ಬೆಟ್ಟದ ಊರುಗಳಲ್ಲಿ ಅಂಚೆ ಹಂಚಿ ನಿವೃತ್ತರಾದ ಮನುಷ್ಯ. ವಿಮರ್ಶೆ ಬರೆಯುವ ಮೊದಲು ಆಟದಲ್ಲಿರುವ ನೆಲ ಎಲ್ಲಿದೆಯೋ ಅಲ್ಲಿಗೆ ಹೋಗಿ, ಸಾಧ್ಯವಾದಷ್ಟೂ ನಡೆದು ನೋಡಿಯೇ ಬರೆಯುವುದು ಅವರ ಪದ್ಧತಿ. ಈ ಸಲ ಅವರಿಗೆ ದೂರ ಹೋಗುವ ಕೆಲಸವಿರಲಿಲ್ಲ. ಓಲ್ಶಿಂಕಾ ಹರಿಯುವ ಹಾವ್ರಾನಿ ಕಾಡು ಅವರ ಮನೆಯ ಬೆನ್ನಿಗೇ ಇತ್ತು. ತೊಂಬತ್ತರ ದಶಕದಲ್ಲಿ ಸೇನೆ ಅದಕ್ಕೆ ಸುತ್ತಲೂ ಹಾಕಿದ್ದ ಬೇಲಿಯನ್ನು ಕಳೆದ ಶರತ್ಕಾಲದಲ್ಲಷ್ಟೇ ತೆಗೆದಿದ್ದರು.

"ನಾನು ಆ ದಾಟುಜಾಗದಲ್ಲಿ ನಿಂತೆ," ಎಂದು ಬರೆದಿದ್ದರು ಕಲೌಸ್. "ನನ್ನ ಕಾಲುಚೀಲ ಒದ್ದೆಯಾಗಲಿಲ್ಲ. ಅಲ್ಲಿ ಹಳ್ಳವಿಲ್ಲ. ಒಂದಾನೊಂದು ಕಾಲದಲ್ಲಿ ಇದ್ದ ಗುರುತೂ ಇಲ್ಲ. ನಿಜ ನಿಜ ಎಂದು ಸಾರಿಕೊಂಡು ಬಂದ ಆಟ, ತನಗೆ ಅನುಕೂಲವಾದ ಕಡೆ ನೀರು ಹರಿಸಿಕೊಂಡಿದೆ. ನೂರಕ್ಕೆ ಐವತ್ನಾಲ್ಕು."

"ಎಲ್ರೂ ಒಣಗಿದ ಕಾಲುಚೀಲದ ಫೋಟೊ ಹಾಕ್ತಿದಾರೆ ಇಂಟರ್ನೆಟ್ಟಲ್ಲಿ," ಎಂದ ರಾದಿಮ್. "ಪೋಲೆಂಡಿನವನೊಬ್ಬ ತಂತಿ ಮೇಲೆ ಹನ್ನೆರಡು ಜೊತೆ ಒಣಗ್‌ಹಾಕಿ, 'ಓಲ್ಶಿಂಕಾದಲ್ಲಿ ತೊಳೆದದ್ದು' ಅಂತ ಬರ್ದಿದಾನೆ."

"ಅಯ್ಯೋ ದೇವರೇ... ಹನ್ನೆರಡಾ?"

"ನಗಬೇಡ ಚಿಕ್ಕಮ್ಮ."

"ನಗ್ತಿಲ್ಲ."

"ಆರು ವರ್ಷ. ಆರು ವರ್ಷ ಇದೊಂದನ್ನೇ ಮಾಡಿದೀನಿ. ಬೇಲಿ ಒಳಗೆ ಹೋಗೋ ಹಂಗಿರ್ಲಿಲ್ಲ, ಈಗಿನ ಮ್ಯಾಪಲ್ಲಿ ಅಲ್ಲಿ ಬರೀ ಹಸಿರು ಬಳ್ದಿದಾರೆ, ಉಪಗ್ರಹದ ಫೋಟೊಲಿ ಮರದ ತಲೆ ಬಿಟ್ರೆ ಏನೂ ಕಾಣಲ್ಲ. ಅದಕ್ಕೇ ಕಾಡಿನ ಒಳಗಿಂದೆಲ್ಲ ನಿನ್ನ ನಕ್ಷೆಯಿಂದಾನೇ ತಗೊಂಡಿದ್ದು. ಎಲ್ಲೋ ನಾನೇ ತಪ್ಪಾಗಿ ಓದಿದೀನಿ. ಅಳತೆ ತಪ್ಪಿದೆ. ನೀನು ಗೀರಿದ್ದು ತಪ್ಪಾಗಕ್ಕೆ ಸಾಧ್ಯಾನೇ ಇಲ್ಲ."

ಬೊಹುಂಕಾ ಸೌಟು ಕೆಳಗಿಟ್ಟರು.

"ಗುರುವಾರ ಕ್ಷಮೆ ಕೇಳಿ ಬರ್ದು ಹಾಕ್ತೀನಿ," ಎಂದ ಅವನು. "ನನ್ನ ಅಜಾಗರೂಕತೆ, ಹಳ್ಳಾನ ತಪ್ಪು ಜಾಗದಲ್ಲಿ ಇಟ್ಟೆ ಅಂತ. ಆಟಾನ ಅಂಗಡಿಯಿಂದ ವಾಪಸ್ ತಗೋತೀನಿ. ಬಾಯ್ಲರ್ ಕಂಪನಿಯೋರು ಕೆಲಸಕ್ಕೆ ಕರೀತಾನೇ ಇದಾರೆ, ಹೋಗ್ತೀನಿ. ಸಾಕು ನಂಗೆ."

ಬೊಹುಂಕಾ ಬಾಯಿ ತೆರೆದರು. ಅಲ್ಲಿಂದ ಬಂದ ಮಾತು ಇಷ್ಟೇ: "ಇನ್ನೊಂದೆರಡು ಕ್ನೆಡ್ಲಿಕ್ ಕಡುಬು ಹಾಕ್ಲಾ? ಸಾರಲ್ಲಿ ನೆನೆದಿದೆ, ಚೆನ್ನಾಗಿದೆ."

ಅವನು ಹೋದಮೇಲೆ ತಟ್ಟೆ ತೊಳೆಯುತ್ತಾ, ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಾ ನಿಂತರು. ಯಾಕೆಂದರೆ ರಾದಿಮ್ ನಕ್ಷೆಯನ್ನು ತಪ್ಪಾಗಿ ಓದಿರಲಿಲ್ಲ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನಕ್ಷೆಯೇ ಸುಳ್ಳಾಗಿತ್ತು. ಆ ಸುಳ್ಳನ್ನು ಗೀರಿದ್ದು ಬೊಹುಂಕಾ ಅವರ ಇದೇ ಬಲಗೈ.

ಬೊಹುಂಕಾ ಹತ್ತೊಂಬತ್ತನೇ ವಯಸ್ಸಿಗೆ ನಕ್ಷೆ ಕಚೇರಿ ಸೇರಿದವರು. ಆಗ ನಕ್ಷೆಯ ಒಂದೊಂದು ಬಣ್ಣಕ್ಕೂ ಒಂದೊಂದು ಹಾಳೆ, ಒಂದೊಂದು ಹಾಳೆಗೂ ಒಬ್ಬೊಬ್ಬಳು ಹುಡುಗಿ. ಬೆಟ್ಟದ ಏರಿಳಿತಕ್ಕೆ ಕಂದು, ಕಾಡಿಗೆ ಹಸಿರು, ದಾರಿ ಮತ್ತು ಹೆಸರುಗಳಿಗೆ ಕಪ್ಪು. ಬೊಹುಂಕಾ ಪಾಲಿಗೆ ಬಂದದ್ದು ನೀಲಿ. ಲೇಪ ಬಳಿದ ಪಾರದರ್ಶಕ ಹಾಳೆಯ ಮೇಲೆ ಸೂಜಿ ಹಿಡಿದು ನದಿ, ಕೆರೆ, ಹಳ್ಳಗಳನ್ನು ಗೀರುತ್ತಾ ಹೋಗಬೇಕು. ಕೆಲಸಕ್ಕೆ ಕೂರುವ ಮೊದಲು ಕಾಫಿ ಕುಡಿಯುವಂತಿಲ್ಲ, ಕೈ ನಡುಗುತ್ತದೆ. ಗೆರೆ ಎಳೆಯುವಾಗ ಉಸಿರು ಬಿಡುವಂತಿಲ್ಲ. ಒಂದು ಹಳ್ಳ ಇನ್ನೊಂದನ್ನು ಸೇರುವ ಜಾಗ ಬಂದಾಗ ಸೂಜಿ ಎತ್ತಿ ಒಂದು ಉಸಿರು, ಮತ್ತೆ ಮುಂದಕ್ಕೆ. ಇಪ್ಪತ್ತೆಂಟು ವರ್ಷ ಹೀಗೆ ಉಸಿರು ಹಿಡಿದು ಬದುಕಿದವರು ಅವರು.

ನೆಲ ಒಂದೇ ಆದರೂ ನಕ್ಷೆ ಎರಡಾಗುತ್ತಿತ್ತು. ಒಂದು ಸೇನೆಗೆ, ಬೀಗ ಹಾಕಿ ಇಡುವಂಥದ್ದು. ಇನ್ನೊಂದು ಜನಕ್ಕೆ, ರಜೆಯಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ನಡೆಯುವವರಿಗೆ. ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ಒಂದು ದಿನ ಮೇಲಧಿಕಾರಿ ಅವರ ಮೇಜಿನ ಹತ್ತಿರ ಬಂದು, ಹಾವ್ರಾನಿ ಕಾಡಿನ ಮೇಲೆ ಪೆನ್ಸಿಲ್ ಇಟ್ಟರು.

"ಜನದ ನಕ್ಷೆಯಲ್ಲಿ ಓಲ್ಶಿಂಕಾ ಹಳ್ಳ ಈ ಕಡೆ ಬರಬೇಕು. ಪೂರ್ವಕ್ಕೆ."

"ಆದ್ರೆ ಸರ್, ಅದು ಅಲ್ಲಿಲ್ವಲ್ಲ..."

"ಎಲ್ಲಿದೆ ಅಂತ ನಿಮಗೆ ಗೊತ್ತಿಲ್ಲ. ಗೊತ್ತಿದ್ದರೂ ಗೊತ್ತಿಲ್ಲ."

ನಿಜವಾದ ಹಳ್ಳದ ಕಮರಿಯ ಪಕ್ಕದಲ್ಲಿ ಸೇನೆಯ ಎಣ್ಣೆ ಉಗ್ರಾಣವಿತ್ತು. ಯಾರೂ ನೀರು ಹುಡುಕಿಕೊಂಡು ಅತ್ತ ಹೋಗಬಾರದಾಗಿತ್ತು. ಬಾಯಿ ಬಿಡುವುದಿಲ್ಲ ಎಂದು ಸಾಯುವವರೆಗಿನ ಮುಚ್ಚಳಿಕೆಗೆ ಬೊಹುಂಕಾ ಸಹಿ ಹಾಕಿದರು. ಆಮೇಲೆ ಕೂತು ಹಳ್ಳವನ್ನು ಸರಿಸಿದರು. ನಾಚಿಕೆಯ ವಿಷಯ ಏನೆಂದರೆ, ತುಂಬ ಚೆನ್ನಾಗಿ ಸರಿಸಿದರು. ಒರಟಾಗಿ ಗೀರಿದರೆ ಸುಳ್ಳು ಅಂತ ಗೊತ್ತಾಗಿಬಿಡುತ್ತದೆಂದು ಅದಕ್ಕೆ ತಾವೇ ಯೋಚಿಸಿ ಏಳು ತಿರುವು ಕೊಟ್ಟರು. ಮಧ್ಯದಲ್ಲಿ ಕಪ್ಪು ಹಾಳೆಯ ಗಾಡಿದಾರಿಯೊಂದು ಅಡ್ಡ ಬಂತು. ಸೇತುವೆ ಇಲ್ಲದ ಕಡೆ ದಾರಿ ಮತ್ತು ನೀರು ಕೂಡಿದರೆ ಅಲ್ಲಿ ದಾಟುಜಾಗದ ಗುರುತು ಹಾಕಲೇಬೇಕು, ಅದು ಕಚೇರಿಯ ನಿಯಮ. ನಿಯಮದ ಪ್ರಕಾರ ಹಾಕಿದರು. ಜಗತ್ತಿನ ಮೂಲೆ ಮೂಲೆಯ ಜನ ಟ್ಯಾಂಕು ಇಳಿಸುತ್ತಿದ್ದ ಆ ದಾಟುಜಾಗ ಹುಟ್ಟಿದ್ದು ಹಾಗೆ.

ಮೂರು ವರ್ಷದ ಮೇಲೆ ಅವರ ಗಂಡ ಲುಬೋಶ್ ಅದೇ ನಕ್ಷೆ ಹಿಡಿದು ಅಣಬೆ ಕೀಳಲು ಹೋಗಿ, ನೀರು ಹುಡುಕಿ ಹುಡುಕಿ ನಾಲಿಗೆ ಒಣಗಿಸಿಕೊಂಡು ಬಂದಿದ್ದರು. "ಯಾವ ಕತ್ತೆ ಗೀರಿದ್ದು ಈ ಮ್ಯಾಪು! ನಿಮ್ ಆಫೀಸಿನೋಳೇ ಇರ್ಬೇಕು ನೋಡು, ಕಂಡ್ರೆ ಹೇಳು, ಕಾಲು ನೋವಿನ ಲೆಕ್ಕ ಕೇಳ್ಬೇಕು ನಾನು." ಬೊಹುಂಕಾ ಆಲೂಗಡ್ಡೆ ರೊಟ್ಟಿಯನ್ನು ಮಗುಚಿ ಹಾಕುತ್ತಾ, "ಹೇಳ್ತೀನಿ ಬಿಡಿ" ಎಂದರು. ಹೇಳಲಿಲ್ಲ. ಲುಬೋಶ್ ತೀರಿಕೊಂಡು ಒಂಬತ್ತು ವರ್ಷವಾಯಿತು, ಹೇಳಲೇ ಇಲ್ಲ.

ರಾದಿಮ್ ಚಿಕ್ಕವನಿದ್ದಾಗ ಆ ನಕ್ಷೆಯನ್ನು ಹುಟ್ಟುಹಬ್ಬಕ್ಕೆ ಕೊಟ್ಟವರೂ ಅವರೇ. ಮಗು ಗೋಡೆಗೆ ಅಂಟಿಸಿಕೊಂಡು ನೋಡಲಿ ಎಂದು ಕೊಟ್ಟದ್ದು. ಅದರ ಮೇಲೆ ಯುದ್ಧ ಮಾಡುತ್ತಾನೆ ಎಂದು ಯಾರಿಗೆ ಗೊತ್ತಿತ್ತು?

ಸೋಮವಾರ ಬೆಳಿಗ್ಗೆ ಪತ್ರಿಕೆಯ ಕಚೇರಿಗೆ ಫೋನು ಮಾಡಿ, ಕಲೌಸ್ ಅವರ ನಂಬರು ಪಡೆದರು. ಮುಚ್ಚಳಿಕೆ ಬರೆಸಿಕೊಂಡ ದೇಶವೇ ಈಗ ಇಲ್ಲ, ಒಡೆದು ಎರಡಾಗಿದೆ ಎಂದು ಅವರಿಗೂ ಗೊತ್ತು. ಆದರೂ ನಂಬರು ಒತ್ತುವಾಗ ಕಿಟಕಿಯ ಪರದೆ ಎಳೆದುಕೊಂಡರು.

"ಕಲೌಸ್ ಅವರೇ, ನೀವು ನಿಂತಿದ್ದ ಜಾಗ ಸರಿಯಾಗೇ ಇತ್ತು," ಎಂದರು. "ಹಳ್ಳ ಎಲ್ಲಿದೆ ಅಂತ ನಾನು ತೋರಿಸ್ತೀನಿ."

"ದೇವರು ದೊಡ್ಡವನು," ಎಂದಿತು ಆ ಕಡೆಯ ಗಡಸು ದನಿ. "ನೂರ ನಲವತ್ತು ಜನ ಕಾಗದ ಬರ್ದಿದಾರೆ ನಂಗೆ, ಮುದುಕ ದಾರಿ ತಪ್ಪಿದಾನೆ ಅಂತ. ಮೂವತ್ನಾಲ್ಕು ವರ್ಷದಲ್ಲಿ ಒಂದು ಕಾಗದಾನೂ ತಪ್ಪು ಮನೆಗೆ ಹಾಕಿಲ್ಲ ಕಣ್ರೀ ನಾನು. ಬುಧವಾರ ಬರ್ತೀರಾ? ಗಟ್ಟಿ ಬೂಟ್ಸ್ ಹಾಕ್ಕೊಂಡ್ ಬನ್ನಿ."

ಬುಧವಾರ ಬೆಳಿಗ್ಗೆ ಕಾಡಿನಂಚಿನ ಬಸ್ ನಿಲ್ದಾಣದಲ್ಲಿ ಇಬ್ಬರೂ ಭೇಟಿಯಾದರು. ಕಲೌಸ್ ಎತ್ತರದ ಆಳು, ಬೆನ್ನು ಒಂದು ಕಡೆಗೆ ವಾಲಿತ್ತು, ಅಂಚೆ ಚೀಲ ಹೊತ್ತು ಹೊತ್ತು ಹಾಗಾದದ್ದು. ಮೊದಲು ಸುಳ್ಳು ದಾಟುಜಾಗಕ್ಕೆ ಕರೆದುಕೊಂಡು ಹೋದರು. ಬರ್ಚ್ ಮರಗಳು, ಒಣ ಎಲೆ, ಒಂದು ಮುರಿದ ಬೆಂಚು.

"ಇಲ್ಲೇ ನೋಡಿ ಅಮ್ಮಾ, ನಿಮ್ಮ ಓಲ್ಶಿಂಕಾ. ಎಚ್ಚರಿಕೆ, ಮುಳುಗಿಬಿಟ್ಟೀರಿ."

ಬೊಹುಂಕಾ ನಗಲಿಲ್ಲ. "ಇಲ್ಲಿಂದ ಪಶ್ಚಿಮಕ್ಕೆ ಆರುನೂರ ನಲವತ್ತು ಮೀಟರು," ಎಂದರು.

ಕಲೌಸ್ ಹೆಜ್ಜೆ ಎಣಿಸುತ್ತಾ ಮುಂದೆ, ಅವರು ಹಿಂದೆ. ಐನೂರು ದಾಟುತ್ತಲೇ ನೆಲ ಇಳಿಜಾರಾಯಿತು. ಆರುನೂರಕ್ಕೆ ನೀರಿನ ಸದ್ದು ಕೇಳಿಸಿತು. ಆಮೇಲೆ ಕಮರಿ, ಅದರ ತಳದಲ್ಲಿ ಕಲ್ಲುಗಳ ನಡುವೆ ಬಿಳಿ ನೊರೆ ಎಬ್ಬಿಸಿಕೊಂಡು ಹೋಗುತ್ತಿದ್ದ ಹಳ್ಳ. ಟ್ಯಾಂಕು ಹಾಗಿರಲಿ, ಮೇಕೆ ಕೂಡ ದಾಟುವಂತಿರಲಿಲ್ಲ. ಕಲೌಸ್ ಟೋಪಿ ತೆಗೆದು ನಿಂತರು.

ಬೊಹುಂಕಾ ಬೇರು ಹಿಡಿದು ಹಿಡಿದು ಕೆಳಗಿಳಿದರು. ಈ ಹಳ್ಳವನ್ನು ಅವರು ಎರಡು ಸಲ ಗೀರಿದ್ದರು, ಒಂದು ಸಲ ನಿಜ, ಒಂದು ಸಲ ಸುಳ್ಳು. ನೋಡುತ್ತಿದ್ದದ್ದು ಇದೇ ಮೊದಲು. ಭಯಕ್ಕೆ ನಲವತ್ತು ವರ್ಷ ಈ ಕಾಡಿಗೆ ಅಣಬೆಗೂ ಬಂದವರಲ್ಲ. ನೀರಿಗೆ ಕೈ ಇಟ್ಟರು. ಕೊರೆಯುವಷ್ಟು ತಣ್ಣಗಿತ್ತು. ತಮಗೆ ಗೊತ್ತಿದ್ದ ತಿರುವು ಗೊತ್ತಿದ್ದ ಜಾಗದಲ್ಲೇ ಇತ್ತು, ಆದರೆ ಅದರ ಮೇಲೆ ಬಾಗಿದ್ದ ಆಲ್ಡರ್ ಮರವಾಗಲಿ, ಮರದ ಬುಡದ ಹಳದಿ ಹೂವಾಗಲಿ ಯಾವ ಹಾಳೆಯಲ್ಲೂ ಇರಲಿಲ್ಲ.

ಅಲ್ಲೇ ಬಂಡೆಯ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಕಲೌಸ್ ಬ್ರೆಡ್ಡಿನ ನಡುವೆ ಕರಿದ ಮಾಂಸದ ಹೋಳಿಟ್ಟು ತಂದಿದ್ದರು. ಅರ್ಧ ಮುರಿದು ಅವರಿಗೆ ಕೊಟ್ಟರು.

"ಹಂಗಾದ್ರೆ ಐವತ್ನಾಲ್ಕು ತಪ್ಪು ವಿಳಾಸಕ್ಕೆ ಹೋಗಿದೆ," ಎಂದರು ಅಗಿಯುತ್ತಾ.

"ಸರಿಯಾದ ವಿಳಾಸ ನಂದೇ."

"ಅಲ್ಲ ಅಮ್ಮಾ. ಸರಿಯಾದ ವಿಳಾಸದೋರು ಮನೆ ಖಾಲಿ ಮಾಡ್ಕೊಂಡು ಹೋಗಿ ಮೂವತ್ತೈದು ವರ್ಷ ಆಯ್ತು." ಕೈ ಒರೆಸಿಕೊಂಡರು. "ಮುಂದಿನ ಸಂಚಿಕೆಗೆ ಬರೀತೀನಿ. ನಿಮ್ಮ ಹೆಸರು ಬೇಡ ಅಂದ್ರೆ ಹಾಕಲ್ಲ."

"ಹಾಕಿ. ಆದ್ರೆ ಬರೆಯೋಕ್ ಮುಂಚೆ ನಮ್ ಹುಡುಗನಿಗೆ ನಾನೇ ಹೇಳ್ಬೇಕು. ನಾಳೆ ಅವನು ಕ್ಷಮೆ ಕೇಳ್ಬಿಡ್ತಾನೆ, ಮಾಡ್ದೇ ಇರೋ ತಪ್ಪಿಗೆ."

"ಮತ್ತೆ ಇಲ್ ಯಾಕೆ ಕೂತಿದೀರ? ಒಂದೂಕಾಲಿಗೆ ಬಸ್ಸಿದೆ, ಏಳಿ, ಏಳಿ!"

ಹ್ರಾಡೆಟ್ಸ್ ನಗರದಲ್ಲಿ ರಾದಿಮ್ ಕೆಲಸ ಮಾಡುತ್ತಿದ್ದದ್ದು ಒಂದು ವಸತಿ ಕಟ್ಟಡದ ನೆಲಮಾಳಿಗೆಯಲ್ಲಿ, ಹಿಂದೆ ಎಲ್ಲರೂ ಬಟ್ಟೆ ಒಗೆಯುತ್ತಿದ್ದ ಕೋಣೆಯಲ್ಲಿ. ಮೊಣಕಾಲಿಗೆ ಮಣ್ಣು ಮೆತ್ತಿಕೊಂಡು ಬಂದ ಚಿಕ್ಕಮ್ಮನನ್ನು ನೋಡಿ ಗಾಬರಿಯಾದ.

"ಬಿದ್ಯಾ? ಏನಾಯ್ತು?"

"ಕೂತ್ಕೊ. ಮಧ್ಯ ಬಾಯಿ ಹಾಕ್ಬೇಡ, ಹಾಕಿದ್ರೆ ನಂಗೆ ಮತ್ತೆ ಧೈರ್ಯ ಬರಲ್ಲ."

ಹೇಳಿದರು. ಮೇಲಧಿಕಾರಿಯ ಪೆನ್ಸಿಲ್ಲು, ಏಳು ತಿರುವು, ನಿಯಮದ ದಾಟುಜಾಗ. ಎಲ್ಲ ಮುಗಿದಮೇಲೆ ಅವನು ಮೆಲ್ಲಗೆ ಕೇಳಿದ.

"ಭಾನುವಾರ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ನಾನು ಅಲ್ಲಿ ಕೂತು, ನನ್ನದೇ ತಪ್ಪು ಅಂತ ಬಡ್ಕೋತಿದ್ದಾಗ."

"ಹೂಂ. ಕ್ರಿಸ್‌ಮಸ್ಸಿಗೆ ನೀನು ಆಟ ತೋರ್ಸಿದ್ಯಲ್ಲ, ಆವಾಗ್ಲೇ ಗೊತ್ತಾಯ್ತು. ಟ್ಯಾಂಕು ನನ್ ಹಳ್ಳಕ್ಕೆ ಇಳೀತು. ನೀನು ನೀರು ಎಷ್ಟು ಚೆನ್ನಾಗ್ ಮಾಡಿದ್ದೆ ಅಂದ್ರೆ..." ಅವರು ಮೊಣಕಾಲಿನ ಮಣ್ಣನ್ನು ಉಗುರಿನಿಂದ ಕೆರೆದರು. "ನಂಗೆ ಒಂದ್ ನಿಮಿಷ ಅದು ನಿಜಾನೇ ಅನ್ನಿಸ್ತು ಕಣೋ."

"ನಾಲ್ಕು ತಿಂಗ್ಳು ಚಿಕ್ಕಮ್ಮ!" ಅವನು ಎದ್ದು ಕಿಟಕಿಯತ್ತ ಹೋದ. "ಬಿಡುಗಡೆಗೆ ಮುಂಚೆ ಒಂದ್ ಮಾತು ಹೇಳಿದ್ರೆ ಒಂದ್ ವಾರದಲ್ಲಿ ತಿದ್ತಿದ್ದೆ. ಒಂದ್ ವಾರ! ಚಿಕ್ಕಪ್ಪನಿಗಾದ್ರೂ ಹೇಳಿದ್ಯಾ?"

"ಇಲ್ಲ. ನೀನೇ ಮೊದ್ಲು. ಅಲ್ಲ, ಕಲೌಸ್ ಅವ್ರು ಮೊದ್ಲು, ನೀನು ಎರಡ್ನೇಯೋನು."

"ಕಲೌಸ್‌ಗಾ!"

"ಏನ್ ಮಾಡ್ಲಿ? ಅಭ್ಯಾಸ ಇಲ್ವಲ್ಲ. ಗೊತ್ತಿಲ್ದೋರ ಹತ್ರ ಒಂದ್ಸಲ ಹೇಳಿ ನೋಡ್ಕೊಂಡೆ."

ಅವನು ಅವರ ಕಡೆ ಬೆನ್ನು ಹಾಕಿಯೇ ನಿಂತಿದ್ದ. ಬೊಹುಂಕಾ ಚೀಲದ ಹಿಡಿಯನ್ನು ಕೈಯಲ್ಲಿ ಹೊಸಕುತ್ತಾ ಕಾದರು. ಎದ್ದು ಹೋಗು ಅಂದರೆ ಹೋಗಬೇಕು ಎಂದೇ ಅಂದುಕೊಂಡಿದ್ದರು. ಅವನು ತಿರುಗಿದಾಗ ಮುಖ ಇನ್ನೂ ಕೆಂಪಗಿತ್ತು.

"ಇನ್ನೆಲ್ಲೆಲ್ಲಿ?"

"ಏನು?"

"ಇನ್ನೆಲ್ಲೆಲ್ಲಿ ಸುಳ್ಳು ಗೀರಿದೀಯ? ಒಂದೇ ಹಳ್ಳಕ್ಕೆ ನಿಲ್ಸಿರಲ್ಲ ನೀವು."

ಗೋಡೆಯ ಮೇಲೆ ಆ ಹಳೆಯ ನಕ್ಷೆ ಇನ್ನೂ ಇತ್ತು. ಬೊಹುಂಕಾ ಅದರ ಮುಂದೆ ನಿಂತು ಪೆನ್ಸಿಲ್ ಕೇಳಿದರು. ಒಂದು ಕೆರೆ, ಇಲ್ಲದ್ದು. ಎರಡು ಬುಗ್ಗೆ, ಇದ್ದರೂ ಬಿಟ್ಟದ್ದು. ಒಂದು ಜೌಗು, ಒಣ ಹುಲ್ಲುಗಾವಲಿನ ಮೇಲೆ ಬರೆದದ್ದು. ಗುರುತು ಹಾಕುವಾಗ ಅವರು ಉಸಿರು ಹಿಡಿದಿದ್ದನ್ನು ರಾದಿಮ್ ನೋಡಿದ. ಪಕ್ಕದಲ್ಲಿ ಬಂದು ನಿಂತು ಲೆಕ್ಕ ಇಟ್ಟ. ಹದಿನೇಳು.

"ಚಿಕ್ಕಮ್ಮ, ಈ ನಕ್ಷೆ ಇಟ್ಕೊಂಡು ಶತ್ರು ಬಂದಿದ್ರೆ ಏನಾಗ್ತಿತ್ತು?"

"ದಾರಿ ತಪ್ತಿದ್ದ. ಅದಕ್ಕೇ ಅಲ್ವೇನೋ ಗೀರಿಸಿದ್ದು? ಪಾಪ, ತಪ್ಪಿದ್ದು ಮಾತ್ರ ನಿಮ್ಮ ಚಿಕ್ಕಪ್ಪ."

ಆಗ ನಕ್ಕ ರಾದಿಮ್. ನಗುತ್ತಲೇ ಕುರ್ಚಿ ಎಳೆದು ಕೂತು ಏನೋ ಬರೆದುಕೊಳ್ಳಲು ಶುರುಮಾಡಿದ.

ಗುರುವಾರ ಕ್ಷಮಾಪಣೆ ಬರಲಿಲ್ಲ. ಜೂನ್ ತಿಂಗಳಲ್ಲಿ ಆಟದ ಹೊಸ ಆವೃತ್ತಿ ಬಂತು. ಈಗ ಕಾಡನ್ನು ಕಾಯುವ ಕಡೆಯವರಿಗೆ ನಿಜವಾದ ನಕ್ಷೆ ಸಿಗುತ್ತದೆ, ನುಗ್ಗಿ ಬರುವವರಿಗೆ ಬೊಹುಂಕಾ ಅವರ ನಕ್ಷೆ. ನುಗ್ಗಿ ಬಂದವರು ಬರ್ಚ್ ಮರಗಳ ನಡುವೆ ನಿಂತು ಹಳ್ಳ ಎಲ್ಲಿ ಎಂದು ರೇಡಿಯೊದಲ್ಲಿ ಕೇಳುವುದನ್ನು ಒಮ್ಮೆ ಆಡಿಯೇ ನೋಡಬೇಕು, ಮೈ ಜುಮ್ಮೆನ್ನುತ್ತದೆ! ಎಲ್ಲರಿಗೂ ಹಿಡಿಸಲಿಲ್ಲ ಅನ್ನುವುದೂ ನಿಜ. ಜರ್ಮನಿಯವರು ಎಂಬತ್ತೆಂಟನ್ನು ಎಂಬತ್ತಕ್ಕೆ ಇಳಿಸಿ, "ಆಟಗಾರನಿಗೆ ಮೋಸ" ಎಂದು ಮುಖ ಸಿಂಡರಿಸಿದರು. ಕೆಸರಿನ ವಾಸನೆ ಹಿಡಿದಿದ್ದ ಅಮೆರಿಕದವನ ಸುದ್ದಿಯೇ ಇಲ್ಲ. ಕಲೌಸ್ ಒಮ್ಮೆ ಕೊಟ್ಟ ಅಂಕವನ್ನು ತಿದ್ದುವವರಲ್ಲ, ಐವತ್ನಾಲ್ಕು ಹಾಗೇ ಉಳಿಯಿತು. ಆದರೆ ಅದರ ಕೆಳಗೆ ಮೂರು ಪುಟ ಬರೆದರು. ಆಟದ ಬಗ್ಗೆ ಒಂದು ಪುಟ, ಸೂಜಿ ಹಿಡಿದು ಕೂತ ಹುಡುಗಿಯರ ಬಗ್ಗೆ ಎರಡು.

ಬೊಹುಂಕಾ ಅವರನ್ನು ವಿಚಾರಿಸಲು ಯಾವ ಅಧಿಕಾರಿಯೂ ಬರಲಿಲ್ಲ. ಬಂದದ್ದು ಒಂದು ಕಾಗದ, ಕಂದು ಹಾಳೆಯಲ್ಲಿ ಕೆಲಸ ಮಾಡುತ್ತಿದ್ದ ಹಳೆಯ ಗೆಳತಿಯದು. "ಬರೀ ನೀರಿನದ್ದೇ ಹೇಳಿದ್ದೀಯಲ್ಲೇ, ನನ್ನ ಬೆಟ್ಟಗಳ ಗತಿ ಏನು?" ಎಂದು ಬರೆದಿದ್ದಳು. ರಾದಿಮ್ ಇನ್ನೂ ಆ ಒಗೆಯುವ ಕೋಣೆಯಲ್ಲೇ ಇದ್ದಾನೆ. ಬಾಯ್ಲರ್ ಕಂಪನಿಯವರು ಬೇರೆಯವರನ್ನು ನೋಡಿಕೊಂಡರು. ಕ್ರಿಸ್‌ಮಸ್ಸಿನ ಆ ನಾಲ್ಕು ತಿಂಗಳ ಮಾತು ಬಂದರೆ ಅವನ ದನಿ ಈಗಲೂ ಸ್ವಲ್ಪ ಗಟ್ಟಿಯಾಗುತ್ತದೆ. ಬೊಹುಂಕಾ ಸುಮ್ಮನೆ ಕೇಳಿಸಿಕೊಳ್ಳುತ್ತಾರೆ, ಆಮೇಲೆ ಅವತ್ತು ಏನೇನು ಅನ್ನಿಸಿತ್ತು ಎಂದು ಬಿಡಿಸಿ ಹೇಳುತ್ತಾರೆ. ಇದು ಅವರು ಹೊಸದಾಗಿ ಕಲಿತದ್ದು.

ಆ ಹದಿನೇಳು ಜಾಗಗಳಲ್ಲಿ ನಿಜಕ್ಕೂ ಏನಿದೆ ಎಂದು ಶನಿವಾರಗಳಲ್ಲಿ ಚಿಕ್ಕಮ್ಮ ಮತ್ತು ಮಗ ನಡೆದು ನೋಡುತ್ತಿದ್ದಾರೆ. ಒಂಬತ್ತು ಆಗಿದೆ, ಎಂಟು ಉಳಿದಿದೆ. ಓಪೊಚ್ನೊದಿಂದ ಒಂಬತ್ತೂ ಹತ್ತರ ಬಸ್ಸು, ಕಾಡಿನಂಚಿನಲ್ಲಿ ಇಳಿಯಬೇಕು. ನೀವು ಆ ಕಡೆ ಇದ್ದರೆ ದಯವಿಟ್ಟು ಹೋಗಿ. ಬ್ರೆಡ್ಡು ಕಟ್ಟಿಕೊಂಡು ಹೋಗಿ, ನಿಮ್ಮ ಪಾಲಿಗಿಂತ ಸ್ವಲ್ಪ ಹೆಚ್ಚೇ. ನೀಲಿ ಟೋಪಿ ಹಾಕಿಕೊಂಡು ಮುಂದೆ ಮುಂದೆ ಹೋಗುತ್ತಿರುವವರೇ ಬೊಹುಂಕಾ. ನಾಚಿಕೊಳ್ಳಬೇಡಿ, ಅವರನ್ನು ಏನು ಬೇಕಾದರೂ ಕೇಳಿ. ಈಗ ಹೇಳುತ್ತಾರೆ.